ಎಡೆಯ ಮೇಲೆ ನಿಷ್ಪಾವ

ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಒಂದು ಸಂಸ್ಕೃತ ಶಬ್ದದ ಅರ್ಥ ಕೇಳಿದವರಲ್ಲ. ತಿಪಟೂರಿನ ಹೈಸ್ಕೂಲೊಂದರಲ್ಲಿ ನಾನು ಸಂಸ್ಕೃತ ಹೇಳಿಕೊಡುತ್ತೇನೆ ಎಂಬುದು ಅವರಿಗೆ ಗೊತ್ತು, ಅದಕ್ಕೆ ತಿಂಗಳಾದರೆ ಸಂಬಳ ಬರುತ್ತದೆ ಎಂಬುದೂ ಗೊತ್ತು. ಅದರಾಚೆಗೆ ಆ ಭಾಷೆಗೂ ತಮಗೂ ಏನೇನೂ ಸಂಬಂಧವಿಲ್ಲ ಎಂದು ಆರಾಮಾಗಿದ್ದ ರೈತಾಪಿ ಜನ. ಹಾಗಾಗಿ ಹೋದ ವರ್ಷ ಪಿತೃಪಕ್ಷಕ್ಕೆ ಸ್ವಲ್ಪ ಮುಂಚೆ, ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದಾಗ, ಊರಿನಿಂದ ಚಿಕ್ಕಪ್ಪ ಫೋನ್ ಮಾಡಿ "ನಿಷ್ಪಾವ ಅಂದ್ರೆ ಏನವ್ವ?" ಎಂದು ಕೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಡಬ್ಬಿ ಮುಚ್ಚಿಟ್ಟು ಪಾಠ ಶುರುಮಾಡಿಯೇ ಬಿಟ್ಟೆ. ‘ಪೂ’ ಎಂದು ಒಂದು ಧಾತು ಇದೆ, ಹಸನು ಮಾಡುವುದು ಎಂದು ಅರ್ಥ. ಪವಿತ್ರ, ಪಾವನ ಎನ್ನುತ್ತೇವಲ್ಲ, ಗಾಳಿಗೆ ಪವನ ಎನ್ನುತ್ತೇವಲ್ಲ, ಎಲ್ಲ ಅದೇ ಬೇರಿನಿಂದ ಬಂದವು. ಅದಕ್ಕೆ ‘ನಿಸ್’ ಎಂಬ ಉಪಸರ್ಗ ಸೇರಿದರೆ ಪೂರ್ತಿ ಹಸನು ಮಾಡಿದ್ದು ಎಂದಾಗುತ್ತದೆ. ನಿಷ್ಕಾರಣ, ನಿಷ್ಫಲಗಳಲ್ಲಿ ಆಗುವಂತೆ ಇಲ್ಲೂ ಸಕಾರ ಹೋಗಿ ಷಕಾರ ಬರುತ್ತದೆ. ಬರೀ ಧಾತುವಿಗೆ ಪ್ರತ್ಯಯ ಹತ್ತಿದರೆ ‘ಪವ’ ಎಂದು ಗಿಡ್ಡವಾಗಿ ನಿಲ್ಲುತ್ತದೆ. ನಿಸ್ ಮುಂದೆ ಬಂದಾಗ ಮಾತ್ರ ‘ಪಾವ’ ಎಂದು ದೀರ್ಘವಾಗಬೇಕು, ಅದಕ್ಕಾಗಿ ವ್ಯಾಕರಣದಲ್ಲಿ ಬೇರೆ ಸೂತ್ರವನ್ನೇ ಮಾಡಿಟ್ಟಿದ್ದಾರೆ. ಮೊರದಲ್ಲಿ ಹಾಕಿ ಕೇರಿ, ಹೊಟ್ಟು ಹಾರಿಸುವ ಕೆಲಸಕ್ಕೇ ಮೊದಲು ಆ ಹೆಸರಿತ್ತು, ಆಮೇಲೆ ಹಾಗೆ ಕೇರಿದ ಕಾಳಿಗೂ ಅದೇ ಹೆಸರು ಬಂತು. ಇಷ್ಟೂ ಹೇಳಿದೆ. ಚಿಕ್ಕಪ್ಪ ನಡುನಡುವೆ "ಹ್ಞೂಂ, ಹ್ಞೂಂ" ಎನ್ನುತ್ತ ತಾಳ್ಮೆಯಿಂದ ಕೇಳಿಸಿಕೊಂಡ.

"ಅದ್ಸರಿ ಕಣವ್ವ, ಕೊನೇಗೆ ಅದು ಯಾವ ಕಾಳು?"

"ಅವರೆಕಾಳು, ಚಿಕ್ಕಪ್ಪ."

"ಅವರೇನಾ. ಸರಿ ಬುಡು. ಹಂಗಾರೆ ಈ ಸಲ ಎಡೆಗೆ ಅವರೆ ಇಕ್ಕಂಗಿಲ್ಲ" ಎಂದು ಫೋನ್ ಇಟ್ಟ.

ಪಿತೃಪಕ್ಷದಲ್ಲಿ ನಮ್ಮ ಕಡೆ ಹಿರಿಯರ ಹಬ್ಬ ಮಾಡುತ್ತಾರೆ. ತೀರಿಕೊಂಡವರು ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಅವರವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದದ್ದನ್ನು ಮಾಡಿ ಬಡಿಸುವುದೇ ಎಡೆ. ಧೂಪ ಹಾಕಿ, ಎಲ್ಲರೂ ಆಚೆ ಬಂದು, ಬಾಗಿಲು ಮುಚ್ಚಿಕೊಂಡು ಹಿರಿಯರು ಉಣ್ಣಲಿ ಎಂದು ಕಾಯುತ್ತೇವೆ. ಆ ವರ್ಷದ ಹಬ್ಬ ಅವ್ವ ಹೋದ ಮೇಲಿನ ಮೊದಲನೆಯದು. ನಮ್ಮವ್ವನ ಎಲೆಗೆ ಅವರೆ ಇಲ್ಲ ಎಂದರೆ ಏನರ್ಥ ಎಂಬುದು, ಮುಚ್ಚಿಟ್ಟ ಡಬ್ಬಿಯನ್ನು ಮತ್ತೆ ತೆಗೆಯುವಾಗ ನನಗೆ ಹೊಳೆಯಿತು. ಅವತ್ತು ಊಟ ಸೇರಲಿಲ್ಲ. ಜನ್ಮದಲ್ಲಿ ಒಂದು ಸಲ ಮನೆಯವರಿಗೆ ವ್ಯುತ್ಪತ್ತಿ ಹೇಳಿ ಅವ್ವನ ಬಾಯಿಂದ ತುತ್ತು ಕಿತ್ತುಕೊಂಡಿದ್ದೆ.

ನಮ್ಮದು ತುರುವೇಕೆರೆ ತಾಲ್ಲೂಕಿನ ಹಳ್ಳಿ. ತೆಂಗಿನ ತೋಟದ ಆಚೆಗೆ ಒಂದು ತುಂಡು ಹೊಲ, ಅದರಲ್ಲಿ ರಾಗಿ, ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ. ಸುತ್ತಲಿನವರೆಲ್ಲ ಹೊಲಕ್ಕೂ ತೆಂಗಿನ ಸಸಿ ಇಟ್ಟುಬಿಟ್ಟರೂ ಅವ್ವ ಆ ತುಂಡನ್ನು ಬಿಟ್ಟುಕೊಡಲಿಲ್ಲ. ಕೊಬ್ಬರಿ ಮಾರಿ ಅವರೆ ಕೊಳ್ಳಬಹುದಲ್ಲ ಎಂದು ಯಾರಾದರೂ ಹೇಳಿದರೆ, "ಅಂಗ್ಡಿ ಅವರೇಲಿ ಸೊಗಡು ಎಲ್ಲೈತೆ?" ಎನ್ನುತ್ತಿದ್ದಳು. ಇಬ್ಬನಿ ಬೀಳುವ ಕಾಲದಲ್ಲಿ ಅವಳ ಬೆರಳುಗಳಿಗೆಲ್ಲ ಅವರೆಕಾಯಿಯ ಸೊಗಡು ಅಂಟಿರುತ್ತಿತ್ತು. ಸೋಪು ಹಾಕಿ ತೊಳೆದರೂ ಹೋಗುತ್ತಿರಲಿಲ್ಲ, ತೊಳೆಯಬೇಕೆಂಬ ಮನಸ್ಸೂ ಅವಳಿಗಿರಲಿಲ್ಲ.

ಅಪ್ಪನ ತಮ್ಮ ಈ ಚಿಕ್ಕಪ್ಪ. ಅವ್ವ ಮದುವೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ, ಅಜ್ಜಿ ಆಗಲೇ ಹೋಗಿಬಿಟ್ಟಿದ್ದಳು. ಅವನನ್ನು ಸಾಕಿದ್ದು ಅವ್ವನೇ. ಅವರೆಯ ಸಿಪ್ಪೆ ಬಾಯಿಗೆ ಸಿಕ್ಕಿದರೆ ತಟ್ಟೆಯಲ್ಲೇ ಉಗಿಯುತ್ತಿದ್ದನಂತೆ. ಅವನೊಬ್ಬನಿಗಾಗಿ ಅವ್ವ ಕಾಳು ನೆನೆಹಾಕಿ, ಒಂದೊಂದನ್ನೇ ಎರಡು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಹಾರಿಸಿ, ಹಿತಕಿದ ಬೇಳೆ ಮಾಡಿ ಸಾರು ಮಾಡತೊಡಗಿದಳು. ಹಾಗೆ ಮಾಡಿದ್ದನ್ನು ಅವನೊಬ್ಬನಿಗೇ ಬಡಿಸಲಿಲ್ಲ. ಮನೆಯವರಿಗೂ ಅದೇ, ಕಾಯಿ ಕೆಡವಲು ಬಂದ ಆಳುಗಳಿಗೂ ಅದೇ. ಸಾಲಾಗಿ ಕೂತವರಲ್ಲಿ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಬಡಿಸುವ ಪಂಕ್ತಿಭೇದ ಅವಳ ಕೈಲಿ ಆಗುತ್ತಿರಲಿಲ್ಲ, ಹಾಗೆ ಮಾಡಿದವರನ್ನು ಕಂಡರೆ ಅವಳಿಗೆ ಆಗುತ್ತಲೂ ಇರಲಿಲ್ಲ.

ಕೊನೆಯ ದಿನಗಳಲ್ಲಿ ಅವ್ವ ಕೇಳಿದ್ದು ಅದೊಂದನ್ನೇ. ಅವರೆಕಾಲ ಮುಗಿಯುತ್ತ ಬಂದಿತ್ತು. ಹೊಟ್ಟೆ ಉಬ್ಬರಿಸುತ್ತದೆ, ಬೇಳೆಕಾಳು ಮುಟ್ಟಿಸಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಚಿಕ್ಕವ್ವ ಗಂಜಿ ಕುಡಿಸುವಳು, ಅವ್ವ ಎರಡು ಗುಟುಕು ಕುಡಿದು, "ಹುಷಾರಾದ್ಮೇಲೆ ಹಿತಕಿದ ಬೇಳೆ ಮಾಡ್ರೇ" ಎಂದು ಮುಖ ತಿರುಗಿಸುವಳು. ಹುಷಾರಾಗಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಕೈಕಾಲು ತೊಳೆಯುತ್ತಿದ್ದಾಗಲೇ ನಾನು ನಿರ್ಧಾರ ಮಾಡಿದ್ದೆ, ಹಿರಿಯರ ಹಬ್ಬಕ್ಕೆ ಅವಳ ಎಲೆ ತುಂಬ ಅದನ್ನೇ ಬಡಿಸುತ್ತೇನೆ ಎಂದು. ಯಾರಿಗೂ ಹೇಳಿರಲಿಲ್ಲ. ಅವರೆ ಇಲ್ಲದ ಎಡೆ ನಮ್ಮ ಮನೆಯಲ್ಲಿ ಆದದ್ದೇ ಇಲ್ಲವಾದ್ದರಿಂದ ಹೇಳಬೇಕು ಅನ್ನಿಸಿಯೂ ಇರಲಿಲ್ಲ.

ನಾನು ಮದುವೆಯಾಗಿ ಆಚೆ ಹೋದವಳು, ಅವ್ವನಿಗೆ ಗಂಡುಮಕ್ಕಳಿಲ್ಲ. ಅವಳಿಗೆ ಎಲೆ ಹಾಕುವ ಜಾಗ ಚಿಕ್ಕಪ್ಪನ ನಡುಮನೆ ಒಂದೇ. ಅಲ್ಲಿ ತಪ್ಪಿದರೆ ಎಲ್ಲೂ ಇಲ್ಲ.

ಬಂದ ಭಾನುವಾರವೇ ಬಸ್ಸು ಹತ್ತಿ ಊರಿಗೆ ಹೋದೆ. ಚಿಕ್ಕಪ್ಪ ಜಗಲಿಯ ಮೇಲೆ ಫೋನು ಹಿಡಿದು ಕೂತಿದ್ದ. ಪಿತೃದೋಷದ ಬಗ್ಗೆ ಯಾರೋ ಒಬ್ಬರು ಮಾತಾಡಿದ ವಿಡಿಯೋ ತೋರಿಸಿದ. ಪಿತೃಕಾರ್ಯಕ್ಕೆ ಯಾವ್ಯಾವ ಧಾನ್ಯ ಆಗದು ಎಂದು ಆ ಮನುಷ್ಯ ಸಂಸ್ಕೃತದಲ್ಲೇ ಪಟಪಟ ಹೇಳಿಕೊಂಡು ಹೋಗಿದ್ದರು. ಬೇರೆಯವನ್ನೆಲ್ಲ ಚಿಕ್ಕಪ್ಪ ಹೇಗೋ ಊಹಿಸಿಕೊಂಡಿದ್ದ, ನಿಷ್ಪಾವ ಒಂದು ಗೊತ್ತಾಗಿರಲಿಲ್ಲ. ನನ್ನನ್ನು ಕೇಳದೆ ಇದ್ದಿದ್ದರೆ ಅದು ಅವನ ಪಾಲಿಗೆ ಯಾವುದೋ ಉತ್ತರ ದೇಶದ ಕಾಳಾಗಿ ಉಳಿದು ನಮ್ಮ ಪಾಡಿಗೆ ನಾವು ಅವರೆ ಇಡುತ್ತಿದ್ದೆವು.

"ಇಷ್ಟು ವರ್ಷ ಇಟ್ಟಿಲ್ವಾ ಚಿಕ್ಕಪ್ಪ?"

"ಅದೇ ಕಣವ್ವ ನಾನೂ ಯೋಚ್ನೆ ಮಾಡ್ತಿರಾದು. ಇಷ್ಟು ವರ್ಸ ಇಟ್ಟಿದ್ಕೇ ಹಿಂಗಾಗಿರ್ಬೇಕು" ಎಂದು ತೋಟದ ಕಡೆ ಕೈ ತೋರಿಸಿದ.

ತೋಟಕ್ಕೆ ಕಪ್ಪುತಲೆ ಹುಳ ಬಿದ್ದಿತ್ತು. ಗರಿಗಳ ಹಸಿರನ್ನೆಲ್ಲ ಕೆರೆದು ತಿಂದು, ಮರಗಳು ಬೆಂಕಿಗೆ ಸಿಕ್ಕ ಹಾಗೆ ಕಂದಿ ನಿಂತಿದ್ದವು. ಕೆಳಗಿನ ಗರಿಗಳನ್ನು ಕಡಿಸಿ ಸುಡಿಸಿದ್ದ. ಆ ಹುಳವನ್ನು ತಿನ್ನುವ ಸಣ್ಣ ಹುಳಗಳನ್ನು ತಂದು ಬಿಡಿಸಿದ್ದ, ಅವುಗಳ ಕೆಲಸ ನಿಧಾನ. ಆ ಮರಗಳಲ್ಲಿ ಹೆಚ್ಚಿನವು ಅಜ್ಜ ನೆಟ್ಟವು. ಅಜ್ಜನ ಮರ ಒಣಗುತ್ತಿದೆ ಎಂದರೆ ಅಜ್ಜ ಮುನಿಸಿಕೊಂಡಿದ್ದಾನೆ ಎಂದೇ ಅವನಿಗೆ ಅನ್ನಿಸಿಬಿಟ್ಟಿತ್ತು. ಅವನ ಮುಖ ನೋಡಿದರೆ ಜಗಳಕ್ಕೆ ಬಂದ ನನಗೇ ಪಾಪ ಅನ್ನಿಸಿತು. ಆದರೂ ಬಿಡುವಂತಿರಲಿಲ್ಲ.

ಮೊದಲು ನನಗೆ ಗೊತ್ತಿದ್ದ ದಾರಿಯಲ್ಲೇ ಹೋದೆ. ಆ ಕಾಳಿನ ಹೆಸರೇ ಪರಿಶುದ್ಧ ಮಾಡಿದ್ದು ಎಂದು ಹೇಳುತ್ತದೆ, ಪವಿತ್ರ ಎಂಬ ಮಾತಿನ ಒಡಹುಟ್ಟು ಅದು, ಅಂಥದ್ದು ಹಿರಿಯರಿಗೆ ಮೈಲಿಗೆ ಹೇಗಾದೀತು ಎಂದೆ.

"ಹೆಸ್ರು ಚೆನ್ನಾಗೇ ಐತೆ ಕಣವ್ವ. ಆದ್ರೆ ಇಕ್ಬಾರ್ದು ಅಂತ ಅವ್ರು ಹೇಳವ್ರಲ್ಲ" ಎಂದ.

ಧಾತುವಿನ ಅರ್ಥ ಒಂದಿದ್ದು ಜನರ ಬಳಕೆ ಇನ್ನೊಂದು ಇರುವ ಶಬ್ದಗಳನ್ನು ನಾನೇ ತರಗತಿಯಲ್ಲಿ ಎಷ್ಟೋ ಹೇಳಿಕೊಟ್ಟಿದ್ದೇನೆ. ದಾರಿ ಬದಲಿಸಿದೆ.

"ಅಪ್ಪನ ಎಲೆಗೆ ಬೀಡಿ ಕಟ್ಟು ಇಡ್ತೀಯಲ್ಲ?"

"ಇಡ್ತೀನಿ."

"ಅಜ್ಜನ ಎಲೆ ಪಕ್ಕ ಕಾಲು ಬಾಟ್ಲಿ?"

"ಅದಿಲ್ದೆ ನಮ್ಮಪ್ಪ ಬತ್ತಾನಾ?"

"ಅವೆರಡೂ ಆಗ್ತವೆ, ಅವ್ವನ ಅವರೆ ಆಗಲ್ವಾ?"

"ಬೀಡಿ ವಿಷ್ಯ ಅವ್ರು ಏನೂ ಹೇಳಿಲ್ಲ ಕಣವ್ವ" ಎಂದು ಚಿಕ್ಕಪ್ಪ ಬಹಳ ಗಂಭೀರವಾಗಿ ಹೇಳಿದ. ಒಳಗೆ ಚಿಕ್ಕವ್ವ ನಕ್ಕದ್ದು ಕೇಳಿಸಿತು, ಅವನಿಗೂ ಕೇಳಿಸಿತು. ಇನ್ನಷ್ಟು ಬಿಗಿಯಾದ.

ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಕೆಟ್ಟ ಯೋಚನೆ ಬಂತು. ಕಾಳುಗಳ ಹಳೆಯ ಹೆಸರು ಒಂದು ಕಡೆ ಒಂದಕ್ಕಿದ್ದರೆ ಇನ್ನೊಂದು ಕಡೆ ಇನ್ನೊಂದಕ್ಕೆ ಹೊಂದಿಕೊಂಡಿರುತ್ತದೆ. ಅವರೆಗೆ ಶಿಂಬಿ ಎಂಬ ಬೇರೆ ಹೆಸರೂ ಇದೆ. ಫೋನ್ ಮಾಡಿ, "ನಾನು ತಪ್ಪು ಹೇಳಿದೆ ಚಿಕ್ಕಪ್ಪ, ನಿಷ್ಪಾವ ಅಂದರೆ ಅಲಸಂದೆ" ಎಂದರೆ ಮುಗಿಯಿತು. ಅಲಸಂದೆಯನ್ನು ನಮ್ಮ ಮನೆಯಲ್ಲಿ ಯಾರೂ ಅಷ್ಟೊಂದು ಹಚ್ಚಿಕೊಂಡಿಲ್ಲ, ಅದಿಲ್ಲ ಎಂದು ಯಾವ ಹಿರಿಯರೂ ಸಿಟ್ಟಾಗುತ್ತಿರಲಿಲ್ಲ. ಫೋನು ಕೈಗೆ ತೆಗೆದುಕೊಂಡೆ ಕೂಡ. ಆದರೆ ಜೀವನವಿಡೀ ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಅರ್ಥಕ್ಕೆ ಕೆಂಪು ಗೀಟು ಹಾಕಿದವಳು ನಾನು. ಸುಳ್ಳು ಹೇಳಿ ಅವ್ವನಿಗೆ ಉಣ್ಣಿಸುವುದಕ್ಕಿಂತ ಎದುರು ನಿಂತು ಉಣ್ಣಿಸುತ್ತೇನೆ ಎಂದುಕೊಂಡೆ. ಫೋನನ್ನು ಬ್ಯಾಗಿಗೆ ಹಾಕಿದೆ.

ಅವ್ವ ಬೆಳೆದ ಕೊನೆಯ ಅವರೆ ನನ್ನ ಬಳಿಯೇ ಇತ್ತು. ಬಿತ್ತನೆಗೆಂದು ಬೂದಿ ಬೆರೆಸಿ ಮಡಕೆಯಲ್ಲಿ ತುಂಬಿಟ್ಟಿದ್ದಳು. ಮುಂಗಾರಿನಲ್ಲಿ ಚಿಕ್ಕಪ್ಪ ಒಂದಿಷ್ಟು ತೆಗೆದುಕೊಂಡು ಬಿತ್ತಿದ್ದ, ಮಿಕ್ಕದ್ದನ್ನು ಮಡಕೆ ಸಮೇತ, ಅವಳ ಮೊರವನ್ನೂ ಸೇರಿಸಿ ನಾನು ತಿಪಟೂರಿಗೆ ತಂದುಕೊಂಡಿದ್ದೆ. ಹಬ್ಬ ಬರುವ ಹೊತ್ತಿಗೆ ಹೊಲದಲ್ಲಿ ಅವರೆ ಇನ್ನೂ ಬಳ್ಳಿ. ಈಗ ವರ್ಷವಿಡೀ ಅಂಗಡಿಯಲ್ಲಿ ಹೈಬ್ರಿಡ್ ಅವರೆಕಾಯಿ ಸಿಗುತ್ತದೆ, ಅದನ್ನು ಇಟ್ಟರೆ ಅವ್ವ ಎಲೆ ಮುಂದಿನಿಂದ ಎದ್ದು ಹೋಗುತ್ತಾಳೆ. ಆದ್ದರಿಂದ ಒಣಗಿದ ಕಾಳೇ ಆಗಬೇಕು.

ಹಬ್ಬಕ್ಕೆ ಎರಡು ದಿನ ಮುಂಚೆ ಮನೆಯ ಹಿಂದೆ ಚಾಪೆ ಹಾಸಿಕೊಂಡು ಮಡಕೆ ಬಗ್ಗಿಸಿದೆ. ಅವ್ವನ ಮೊರ ಹಿಡಿದು ಕೇರತೊಡಗಿದೆ. ಬೂದಿ ಮೊದಲು ಎದ್ದಿತು, ಆಮೇಲೆ ಒಣಗಿದ ಸಿಪ್ಪೆಯ ಚೂರು, ಹುಳು ತೂತು ಕೊರೆದ ಹಗುರ ಕಾಳು. ಗಟ್ಟಿ ಕಾಳುಗಳು ಮೊರದ ಹಿಂಭಾಗಕ್ಕೆ ಸರಿದು ಕೂತವು. ನಿಸ್, ಪೂ, ಎಂದು ಬಾಯಲ್ಲಿ ಹೇಳಿಕೊಂಡೆ, ಯಾರೂ ಇರಲಿಲ್ಲವಾದ್ದರಿಂದ ನಾಚಿಕೆಯಾಗಲಿಲ್ಲ. ಈ ಹೆಸರಿಟ್ಟವನು ಬಳ್ಳಿ ನೋಡಿ ಇಟ್ಟಿಲ್ಲ, ಹೂವು ನೋಡಿ ಇಟ್ಟಿಲ್ಲ. ಯಾರೋ ಒಬ್ಬಳು ಮೊರ ಹಿಡಿದು ಕೂತದ್ದನ್ನು ನೋಡಿ ಇಟ್ಟಿದ್ದಾನೆ. ಅವರೆ ಎಂಬ ನಮ್ಮ ಮಾತು ಕಾಳಿನದು, ನಿಷ್ಪಾವ ಎಂಬುದು ಕಾಳಿನ ಮೇಲೆ ಬಿದ್ದ ಕೈಯದು. ಆ ಕೈಗೇ ಕಾಳು ಬೇಡ ಎನ್ನುವುದಾದರೆ ನಾನು ಒಪ್ಪುವುದಿಲ್ಲ ಎಂದು ಅಲ್ಲೇ ಮನಸ್ಸು ಗಟ್ಟಿಯಾಯಿತು. ಅರ್ಧ ಕಾಳನ್ನು ಮತ್ತೆ ಬೂದಿ ಬೆರೆಸಿ ಮಡಕೆಗೆ ತುಂಬಿದೆ, ಮಿಕ್ಕದ್ದನ್ನು ನೆನೆಹಾಕಿದೆ.

ಮಾರನೆಯ ದಿನ ನೆಂದ ಕಾಳನ್ನು ಒಂದೊಂದಾಗಿ ಒತ್ತಿ ಸಿಪ್ಪೆ ತೆಗೆದೆ. ಹಸಿಕಾಳಿನಷ್ಟು ಸುಲಭಕ್ಕೆ ಅದು ಹಾರುವುದಿಲ್ಲ, ಸಂಜೆಯ ಹೊತ್ತಿಗೆ ಹೆಬ್ಬೆರಳು ಊದಿಕೊಂಡಿತ್ತು. ನನ್ನ ಗಂಡ ನೋಡಿ, "ಮಿಕ್ಸಿಗೆ ಹಾಕಿ ಒಂದು ಸುತ್ತು ತಿರುಗಿಸಿದ್ರೆ ಆಗಲ್ವೇನೇ?" ಎಂದರು. ನಾನು ನೋಡಿದ ನೋಟಕ್ಕೆ ಅವರೂ ಬಂದು ಒತ್ತತೊಡಗಿದರು.

ಹಬ್ಬದ ದಿನ ಮೊದಲ ಬಸ್ಸಿಗೇ ಹೊರಟು, ಬೇಳೆಯ ಡಬ್ಬಿ ಹಿಡಿದುಕೊಂಡು ಚಿಕ್ಕಪ್ಪನ ಮನೆಗೆ ಹೋದೆ. ಚಿಕ್ಕವ್ವ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. "ಒಲೆ ಮ್ಯಾಲೆ ಮಾತ್ರ ಇಡ್ಬ್ಯಾಡ ಕಣೇ. ಆಮೇಲೆ ನಾನು ಉತ್ರ ಹೇಳ್ಬೇಕಾಯ್ತದೆ" ಎಂದು ಒಂದು ಪಾತ್ರೆ, ಖಾರದ ಪುಡಿ, ಕಾಯಿ ತುರಿ ಕೊಟ್ಟು ಹಿತ್ತಲ ಬಾಗಿಲು ತೋರಿಸಿದಳು. ಮೂರು ಕಲ್ಲು ಹೂಡಿ, ಹುಳ ತಿಂದ ತೆಂಗಿನ ಗರಿಗಳನ್ನೇ ಮುರಿದು ಉರಿ ಹಾಕಿದೆ. ಕಂದಿದ ಗರಿ ಚೆನ್ನಾಗಿ ಉರಿಯುತ್ತದೆ. ಸಾರು ಕುದಿಯತೊಡಗಿದಾಗ ಆ ಸೊಗಡು ಎದ್ದಿತು, ಹಸಿ ಅವರೆಯದರಷ್ಟಲ್ಲದಿದ್ದರೂ ಇತ್ತು. ಎಡೆಯ ಅಡಿಗೆಯನ್ನು ಇಡುವ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಅವ್ವ ಆವಿಯ ವಾಸನೆಯಲ್ಲೇ ಉಪ್ಪು ಹೇಳುತ್ತಿದ್ದಳು. ನನಗೆ ಆ ವಿದ್ಯೆ ಇಲ್ಲ, ಅಂದಾಜಿಗೆ ಹಾಕಿದೆ.

ನಡುಮನೆಯಲ್ಲಿ ನಾಲ್ಕು ಎಲೆ ಹಾಕಿದ್ದರು, ಅಜ್ಜನದು, ಅಜ್ಜಿಯದು, ಅಪ್ಪನದು, ಕೊನೆಗೆ ಅವ್ವನದು. ಮೇಲೆ ಅಟ್ಟದಲ್ಲಿ ಕೊಬ್ಬರಿಯಾಗಲು ಬಿಟ್ಟ ಕಾಯಿಗಳ ಒಣ ವಾಸನೆ, ಕೆಳಗೆ ಕೋಳಿಸಾರು, ಕಡುಬು, ವಡೆಯ ವಾಸನೆ. ಅವ್ವನ ಎಲೆಯ ಪಕ್ಕ ಹೊಸ ಸೀರೆ ಮಡಿಸಿಟ್ಟಿದ್ದರು. ನಾನು ಪಾತ್ರೆ ಹಿಡಿದು ಹಿತ್ತಲಿಂದ ಒಳಗೆ ಬಂದಾಗ ಚಿಕ್ಕಪ್ಪ ಧೂಪಕ್ಕೆ ಕೆಂಡ ತುಂಬುತ್ತಿದ್ದ. ತಲೆ ಎತ್ತಿ ನೋಡಿದ. ಮೂಗಿಗೆ ಆಗಲೇ ಗೊತ್ತಾಗಿತ್ತು.

"ಬ್ಯಾಡ ಅಂದಿದ್ನಲ್ಲವ್ವ."

"ಅಂದಿದ್ದೆ ಚಿಕ್ಕಪ್ಪ. ನಾನೂ ನಿಂಗೆ ಸುಳ್ಳು ಹೇಳಿಲ್ಲ. ಇದೇ ನಿಷ್ಪಾವ, ಅವ್ವ ಬೆಳೆದಿದ್ದು. ಕೊನೆಗಾಲದಲ್ಲಿ ಕೇಳಿಕೇಳಿ ಸಿಗದೆ ಹೋದ್ಲು. ಇವತ್ತು ಇಕ್ಕೇ ಇಕ್ತೀನಿ. ದೋಷ ಅಂತ ಬಂದ್ರೆ ನಿನ್ನ ತೋಟಕ್ಕೆ ಬ್ಯಾಡ, ನನ್ನ ತಲೆ ಮೇಲೆ ಬರ್ಲಿ."

ಎಲೆಯ ಮುಂದೆ ಕೂತು ಅವ್ವನಿಗೆ ಬಡಿಸಿದೆ, ಒಂದು ಸೌಟು, ಮೇಲೆ ಇನ್ನೊಂದು. ಪಾತ್ರೆಯನ್ನು ಗೋಡೆ ಬದಿಗೆ ಸರಿಸಿಟ್ಟೆ. ಎಲೆಯನ್ನೇ ಕಿತ್ತೆಸೆಯುತ್ತಾನೆ ಎಂದುಕೊಂಡಿದ್ದೆ. ಚಿಕ್ಕಪ್ಪ ಧೂಪ ಹಾಕಿದ, ನಾಲ್ಕೂ ಎಲೆಗಳಿಗೆ ಕೈ ಮುಗಿದ. ಎಲ್ಲರೂ ಆಚೆ ಬಂದೆವು. ಚಿಕ್ಕವ್ವ ಬಾಗಿಲು ಎಳೆದುಕೊಂಡಳು.

ಜಗಲಿಯ ಮೇಲೆ ಯಾರೂ ಯಾರ ಮುಖವನ್ನೂ ನೋಡದೆ ಕೂತೆವು. ಚಿಕ್ಕಪ್ಪ ಟವೆಲ್ಲನ್ನು ಹೆಗಲಿಂದ ತೆಗೆದ, ಮತ್ತೆ ಹಾಕಿಕೊಂಡ. ತೋಟದ ಕಡೆ ನೋಡಿದ. ಇದ್ದಕ್ಕಿದ್ದಂತೆ ಎದ್ದು, "ತಡೀರಿ, ಬಂದೆ" ಎಂದು ಬಾಗಿಲು ಸರಿಸಿ ಒಬ್ಬನೇ ಒಳಗೆ ಹೋದ. ಹಿರಿಯರು ಉಣ್ಣುವಾಗ ಯಾರೂ ಒಳಗೆ ಹೋಗಬಾರದು. ನಾನು ಎದ್ದು ನಿಂತೆ. ಅವ್ವನ ಎಲೆಯಿಂದ ಅದನ್ನು ತೆಗೆಯಲು ಹೋಗಿದ್ದಾನೆ ಎಂದೇ ನನ್ನ ಲೆಕ್ಕ. ಚಿಕ್ಕವ್ವ ನನ್ನ ಕೈ ಹಿಡಿದು ಕೂರಿಸಿದಳು. ಸ್ವಲ್ಪ ಹೊತ್ತಿನಲ್ಲೇ ಅವನು ಆಚೆ ಬಂದು ಬಾಗಿಲು ಮುಚ್ಚಿ, ಮೊದಲಿನ ಜಾಗದಲ್ಲೇ ಕೂತ. ಅಲ್ಲಿಂದಲೇ ಎದ್ದು ಬಸ್‌ಸ್ಟಾಪಿಗೆ ಹೋಗಿಬಿಡಬೇಕು ಅನ್ನಿಸುವಷ್ಟು ಸಿಟ್ಟು ಬಂದಿತ್ತು.

ಹೊತ್ತಾಯಿತು ಎಂದು ಚಿಕ್ಕವ್ವ ಬಾಗಿಲು ತಟ್ಟಿ ತೆರೆದಳು. ಎಲ್ಲರಿಗಿಂತ ಮುಂಚೆ ಒಳಗೆ ಹೋದವಳು ನಾನು. ಅವ್ವನ ಎಲೆಯಲ್ಲಿ ಹಿತಕಿದ ಬೇಳೆ ನಾನು ಬಡಿಸಿದ ಹಾಗೇ ಇತ್ತು. ಪಕ್ಕದಲ್ಲಿ ಅಪ್ಪನ ಎಲೆಯಲ್ಲಿ, ಬೀಡಿ ಕಟ್ಟಿನ ಈಚೆಗೆ, ಒಂದು ಸೌಟು. ಅಜ್ಜಿಯ ಎಲೆಯಲ್ಲಿ ಒಂದು ಸೌಟು. ಅಜ್ಜನ ಎಲೆಯಲ್ಲಿ ಒಂದು ಸೌಟು. ಗೋಡೆ ಬದಿಯ ಪಾತ್ರೆ ಬರಿದಾಗಿತ್ತು.

ಹಿಂದಿನಿಂದ ಬಂದ ಚಿಕ್ಕಪ್ಪ ಯಾರನ್ನೂ ನೋಡದೆ ಹೇಳಿದ. "ಒಬ್ರಿಗೆ ಇಕ್ಕಿ ಮಿಕ್ಕೋರಿಗೆ ಇಕ್ದೆ ಇದ್ರೆ ಪಂಕ್ತಿಭೇದ ಆಗಲ್ವೇನವ್ವ? ನಿಮ್ಮವ್ವ ಸುಮ್ಕೆ ಬುಡ್ತಾಳಾ ನನ್ನ?"

ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ನನಗೆ ಆಗ ಬಂತು. ಅವ್ವ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಚಿಕ್ಕವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು.

ಎಡೆಯನ್ನು ಹಂಚಿಕೊಂಡು ಉಣ್ಣುವಾಗ ಚಿಕ್ಕಪ್ಪ ಹೋಗಿ ಅವ್ವನ ಎಲೆಯ ಮುಂದೆ ಕೂತ. ಕಡುಬು ಮುರಿದು ಅವರೆಸಾರಿಗೆ ಅದ್ದಿ ಬಾಯಿಗಿಟ್ಟ. ನಿಧಾನವಾಗಿ ಅಗಿದ. ಎಲೆಯಲ್ಲಿದ್ದ ಬೇಳೆಯನ್ನೆಲ್ಲ ಬಳಿದು ತಿಂದ. ಒಂದು ಸಿಪ್ಪೆಯೂ ಸಿಗಲಿಲ್ಲ, ಸಿಗದ ಹಾಗೆ ಒತ್ತಿದ್ದೆವು.

"ಉಪ್ಪು ಸಾಲ್ದು ಕಣವ್ವ" ಎಂದ, ಬೆರಳು ನೆಕ್ಕಿಕೊಳ್ಳುತ್ತ. "ಮುಂದ್ಲ ವರ್ಸ ನೋಡ್ಕಂಡು ಹಾಕು."

"ಹಾಕ್ತೀನಿ ಚಿಕ್ಕಪ್ಪ" ಎಂದೆ.